ಪದಕ ಯಾರದು

ಯುದ್ಧದಲ್ಲಿ ಬಾಂಬರ್ ವಿಮಾನ ಹಾರಿಸಿದ ತನ್ನ ಇಬ್ಬರು ಯೋಧರಿಗೆ ಊರು ಐವತ್ತು ವರ್ಷಗಳ ನಂತರ ಸನ್ಮಾನ ಇಟ್ಟುಕೊಂಡಿತ್ತು. ಪೈಲಟ್ ವಸಂತರಾವ್ ತೀರಿಕೊಂಡು ವರ್ಷವಾಗಿತ್ತು. ಅದೇ ವಿಮಾನದಲ್ಲಿ ಹಿಂದೆ ಕುಳಿತು ದಾರಿ ಹೇಳಿದ್ದ ನ್ಯಾವಿಗೇಟರ್ ಗುರುನಾಥ ವೇದಿಕೆಯ ಮೇಲಿದ್ದರು. ಇಲ್ಲೂ ವಸಂತನ ಫೋಟೋಕ್ಕೇ ದೊಡ್ಡ ಹಾರ ಬಿದ್ದದ್ದು ಕಂಡು ಅವರ ಹೊಟ್ಟೆ ಉರಿಯಿತು. ಅಂದು ಕೆಳಗಿನಿಂದ ಸಿಡಿಯುತ್ತಿದ್ದ ಗುಂಡುಗಳಿಗೆ ಅಂಜಿ ವಿಮಾನ ತಿರುಗಿಸಲು ಹೊರಟವನು ವಸಂತ. ಮುಂದೆ ನಡಿ ಎಂದು ಗದರಿಸಿದವರು ಇವರು. ಪದಕ ಮಾತ್ರ ಅವನೊಬ್ಬನಿಗೇ ಬಂದಿತ್ತು. ಇವತ್ತು ಊರೆದುರು ಎಲ್ಲ ಹೇಳಿಬಿಡಬೇಕೆಂದೇ ಅವರು ಬಂದಿದ್ದರು.

ಅಷ್ಟರಲ್ಲಿ ವಸಂತನ ಹೆಂಡತಿ ಬಂದು ಪಕ್ಕದಲ್ಲಿ ಕುಳಿತರು. ಸೆರಗಿನ ಗಂಟು ಬಿಚ್ಚಿ, ಪದಕವನ್ನು ಗುರುನಾಥರ ಅಂಗೈಯಲ್ಲಿಟ್ಟರು.

“ಇದು ನಿಮ್ದ ಅಣ್ಣಾರ. ನಾ ಅಂಜಿದ್ದೆ, ಗುರು ಅಂಜಲಿಲ್ಲ ಅಂತ ನಮ್ಮ ಮನೆಯವ್ರು ಸಾಯೋತನಕ ಅಂತಿದ್ರು.”

“ಹಂಗಿದ್ರ ನನಗ ಒಂದು ಮಾತು ಯಾಕ ಹೇಳಲಿಲ್ಲ ಅಂವಾ?”

“ವರ್ಷಾ ವರ್ಷಾ ಪತ್ರ ಬರೀತಿದ್ರಲ್ರೀ. ನೀವು ಓದಲಿಲ್ಲೇನು?”

ಭಾಷಣಕ್ಕೆಂದು ಗುರುನಾಥರ ಹೆಸರು ಕೂಗಿದರು. ವಸಂತನ ಕೈಬರಹವಿದ್ದ ಒಂದೊಂದು ಲಕೋಟೆಯನ್ನೂ ಒಡೆಯದೆಯೇ ಒಲೆಗೆ ಹಾಕಿದ್ದ ಅವರಿಗೆ ಕುರ್ಚಿ ಬಿಟ್ಟು ಏಳಲಾಗಲಿಲ್ಲ.