ಹನ್ನೆರಡು ಅಂಕಿಯ ಸಾಧನೆ

ಹೆಂಡತಿ ಅವರೆಕಾಯಿ ಬಿಡಿಸುತ್ತಿದ್ದಳು. ನಿವೃತ್ತ ಗಣಿತದ ಮೇಷ್ಟ್ರಾದ ಗಂಡ, ಹನ್ನೆರಡು ಅಂಕಿಯ ಸಂಖ್ಯೆ ಬರೆದ ಹಾಳೆಯೊಂದನ್ನು ಅವಳ ಮುಂದೆ ಹಿಡಿದರು.

“ಅವಿಭಾಜ್ಯ ಸಂಖ್ಯೆ ಕಣೇ! ಒಂಬತ್ತು ವರ್ಷ ಭಾಗಿಸಿದೀನಿ, ಯಾವುದಕ್ಕೂ ಬಗ್ಗಲಿಲ್ಲ. ವಿಶ್ವವಿದ್ಯಾಲಯಕ್ಕೆ ಕಾಗದ ಬರೆದಿಟ್ಟು ಎರಡು ವರ್ಷ ಆಯ್ತು. ತಪ್ಪಿದ್ರೆ ಮಾನ ಹೋಗತ್ತೆ ಅಂತ ಕಳಿಸಿಲ್ಲ.”

“ಮೂರರಿಂದ ಭಾಗಿಸಿದ್ರಾ?”

“ಮೂರು, ಏಳು ಎಲ್ಲ ನಿಮ್ಮ ರಾತ್ರಿಶಾಲೆಯವರಿಗೆ. ನಾನು ಶುರು ಮಾಡಿದ್ದೇ ಸಾವಿರದಿಂದ!”

ಅವಳು ಮನಸ್ಸಿನಲ್ಲೇ ಅಂಕಿಗಳನ್ನು ಕೂಡಿದಳು. ಐವತ್ತೇಳು. ಅಂಕಿಗಳ ಮೊತ್ತ ಮೂರರಿಂದ ಭಾಗವಾದರೆ ಸಂಖ್ಯೆಯೂ ಭಾಗವಾಗುತ್ತದೆಂದು ರಾತ್ರಿಶಾಲೆಯಲ್ಲಿ ಮೊದಲ ತಿಂಗಳೇ ಕಲಿಸಿದ್ದರು.

“ಏನೇ ನೋಡ್ತೀಯಾ? ನಿನಗೆ ಅರ್ಥ ಆಗೋ ವಿಷಯವೇನೇ ಇದು?”

“ಎಲ್ಲಿ ಆಗತ್ತೆ ರೀ, ನಿಮ್ಮಷ್ಟು ಓದಿದೋಳಾ ನಾನು?” ಎಂದ ಅವಳು ಕೈ ತೊಳೆದು, ಆ ಕಾಗದವಿದ್ದ ಲಕೋಟೆಗೆ ಅಂಟು ಹಚ್ಚಿ, ತಾನೇ ಹೋಗಿ ಅಂಚೆಪೆಟ್ಟಿಗೆಗೆ ಹಾಕಿ ಬಂದಳು.