ದಲ್ಲಾಳಿ ಹಿಡಿದ ಆಲೂಗಡ್ಡೆ

“ಆಸೆಯಾದ್ರೆ ಒಂದು ತಗೊಳ್ಳಿ ಭಾವ, ಏನಾಗಲ್ಲ” ಎಂದು ಭಾಮೈದ ಕರಿದ ಆಲೂಗಡ್ಡೆಯ ತಟ್ಟೆ ಸರಿಸಿದಾಗ ದಲ್ಲಾಳಿಯ ಎದೆ ಧಸಕ್ಕೆಂದಿತು. ಮೇದೋಜೀರಕ ಗ್ರಂಥಿ ಊದಿಕೊಂಡು ಆಸ್ಪತ್ರೆ ಸೇರಿ, ಮೊನ್ನೆಯಷ್ಟೇ ಮನೆಗೆ ಬಂದವನು ಅವನು. ಎಣ್ಣೆ ಪದಾರ್ಥವನ್ನು ಮೂಸುವಂತೆಯೂ ಇರಲಿಲ್ಲ.

ಪಥ್ಯ ಮಾಡಿದರೆ ಪೂರ್ತಿ ವಾಸಿಯಾಗುತ್ತದೆ ಎಂದು ಡಾಕ್ಟರು ಹೇಳಿದ್ದರಂತೆ. ಹೇಳಿದ್ದು ಹೆಂಡತಿಗೆ, ಅದೂ ಬಾಗಿಲಾಚೆ. ಅವಳು ಬಂದು ಅದನ್ನೇ ಜೇನಿನಂಥ ದನಿಯಲ್ಲಿ ಒಪ್ಪಿಸಿದ್ದಳು. ಹಳೆ ಕಾರು ಮಾರುತ್ತಲೇ ತಲೆ ನರೆತವನಿಗೆ ಆ ದನಿ ಗೊತ್ತಿಲ್ಲವೇ? “ಇಂಜಿನ್ ಕಲ್ಲಿದ್ದ ಹಾಗಿದೆ ಸಾರ್” ಎಂದು ಅವನೂ ಅದೇ ದನಿಯಲ್ಲಿ ಎಷ್ಟು ಜನರನ್ನು ನಂಬಿಸಿರಲಿಲ್ಲ! ಸಾಲದ್ದಕ್ಕೆ, ಸದಾ ಮುಖ ಸಿಂಡರಿಸುತ್ತಿದ್ದ ಅತ್ತೆ ಈಗ ಅವನ ದಿಂಬು ಸರಿಮಾಡುತ್ತಿದ್ದರು. ಹೋಗುವವನಿಗೆ ಇನ್ನೆಂಥ ಪಥ್ಯ ಅಂತ ತಾನೆ ಇದೆಲ್ಲ?

ನೋಡೇ ಬಿಡೋಣ ಎಂದು ಅವನು ಪಕ್ಕದಲ್ಲೇ ಕೂತಿದ್ದ ಹೆಂಡತಿಯ ಮುಖದ ಮೇಲೇ ಕಣ್ಣಿಟ್ಟು ಒಂದು ತುಂಡನ್ನು ಎತ್ತಿದ. ಅವಳು ಸುಮ್ಮನಿದ್ದರೆ ತನ್ನ ಕಥೆ ಮುಗಿದಂತೆ. ತುಂಡು ತುಟಿಗೆ ತಾಗಿತು.

ಪಟಾರನೆ ಕೈಮೇಲೆ ಏಟು ಬಿತ್ತು. ತುಂಡು ಹಾರಿ ಅತ್ತೆಯ ಮಡಿಲು ಸೇರಿತು. “ನಾಚ್ಕೆ ಆಗಲ್ವಾ ನಿಮ್ಗೆ? ಇನ್ನೂ ಎಷ್ಟು ವರ್ಷ ನಿಮ್ಮ ಜೊತೆ ಏಗ್ಬೇಕೋ ನಾನು” ಎಂದು ಹೆಂಡತಿ ಸಿಡುಕಿದಳು. ದಲ್ಲಾಳಿ ಚುರುಗುಟ್ಟುವ ಕೈ ಸವರಿಕೊಂಡ. ಈ ದನಿಯಲ್ಲಿ ಅವನು ಇವತ್ತಿನವರೆಗೆ ಒಂದು ಕಾರನ್ನೂ ಮಾರಿರಲಿಲ್ಲ.