ಅಭ್ಯಾಸದ ರೂಟರ್

ಗೋವಿನಕೋವಿಯಲ್ಲಿ ಇಂಟರ್‌ನೆಟ್ ನಿಂತುಹೋಗಿತ್ತು. ಹಾಗೆಂದು ಊಹಿಸಿಕೊಳ್ಳಬೇಕಿತ್ತು.

"ಅರ್ಧ ಊರಿಗೆ ಬರ್ತೈತೆ, ಇನ್ನರ್ಧಕ್ಕೆ ಇಲ್ಲ ಅಂತ ತಿಳ್ಕೊಳ್ರಿ," ಎಂದರು ಫೋನಿನಲ್ಲಿ ವಿನಯ್ ಕುಮಾರ್. "ಎಲ್ಲಿ ತಪ್ಪೈತೆ ಹುಡುಕ್ರಿ. ಜಲ್ದಿ ಆಗಬೇಕು. ಬೇಗ ಮಾಡಿದ್ರೆ ಮಾರ್ಕ್ಸು ಜಾಸ್ತಿ."

ಬಿಳಿಚೋಡಿನ ತನ್ನ ಮನೆಯ ಪಡಸಾಲೆಯಲ್ಲಿ ದುರ್ಗಾಂಬಿಕಾ ಲ್ಯಾಪ್‌ಟಾಪ್ ತೆರೆದಳು. ತಪ್ಪು ಸಿಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಒಂದೇ ವಿಳಾಸವನ್ನು ಎರಡು ಕಡೆ ಕೊಟ್ಟಿತ್ತು ರೂಟರ್. ಒಂದನ್ನು ಬದಲಿಸಿದಳು.

"ಬಂತು! ಬಂತು!" ಎಂದು ಕೂಗಿದರು ವಿನಯ್ ಕುಮಾರ್. ಶಿಷ್ಯೆಯ ಗೆಲುವಿಗೆ ಇಷ್ಟು ಸಂತೋಷಪಡುವ ಗುರು ಎಲ್ಲರಿಗೂ ಸಿಗುವುದಿಲ್ಲ.

ಇವಳಿಗೆ ಸಿಕ್ಕಿದ್ದು ಜಗಳೂರಿನ ಉದ್ಯೋಗ ಮೇಳದಲ್ಲಿ. ನ್ಯಾಮತಿಯಲ್ಲಿ ಕೇಬಲ್ ಇಂಟರ್‌ನೆಟ್ ವ್ಯಾಪಾರ ನಡೆಸುತ್ತಿದ್ದ ವಿನಯ್ ಕುಮಾರ್, ಹಳ್ಳಿಯ ಹೆಣ್ಣುಮಕ್ಕಳಿಗೆ ನೆಟ್‌ವರ್ಕ್ ಕೆಲಸವನ್ನು ಉಚಿತವಾಗಿ ಕಲಿಸುತ್ತೇನೆಂದು ಅಲ್ಲಿ ಬ್ಯಾನರ್ ಕಟ್ಟಿದ್ದರು. ಬಿಸಿಎ ಮುಗಿಸಿ ಮನೆಯಲ್ಲಿದ್ದ ದುರ್ಗಾಂಬಿಕಾ ಹೆಸರು ಬರೆಸಿದಳು. ಬೇರೆ ಯಾರೂ ಬರೆಸಲಿಲ್ಲ.

ಕಲಿಯಲು ರೂಟರ್ ಪೆಟ್ಟಿಗೆ ಕೊಳ್ಳಬೇಕಿರಲಿಲ್ಲ. ಕಂಪ್ಯೂಟರಿನೊಳಗೆ ವರ್ಚುವಲ್ ಮಷಿನ್ ಎಂಬ ಇನ್ನೊಂದು ಕಂಪ್ಯೂಟರನ್ನು ಸೃಷ್ಟಿಸಿ, ಅದಕ್ಕೆ ರೂಟರಿನ ಆಪರೇಟಿಂಗ್ ಸಿಸ್ಟಮ್ ಹಾಕಿದರೆ ಸಾಕು. ಅದು ತಾನೇ ರೂಟರ್ ಎಂದು ನಂಬಿ ಕೆಲಸ ಮಾಡುತ್ತದೆ. ಮೊದಮೊದಲು ದುರ್ಗಾಂಬಿಕಾ ತನ್ನ ಲ್ಯಾಪ್‌ಟಾಪಿನಲ್ಲೇ ಅಂಥದ್ದನ್ನು ಕಟ್ಟಿದಳು, ಕೆಡಿಸಿದಳು, ಅಳಿಸಿ ಹೊಸದು ಮಾಡಿದಳು. ಕೈ ಪಳಗಿದ ಮೇಲೆ ವಿನಯ್ ಕುಮಾರ್ ಹೇಳಿದರು: "ನಿಮ್ ಲ್ಯಾಪ್‌ಟಾಪಿಗೆ ಶಕ್ತಿ ಸಾಲಲ್ಲ. ನಮ್ ಆಫೀಸಿನ ದೊಡ್ಡ ಕಂಪ್ಯೂಟರ್‌ನಾಗೆ ನಿಮಗಂತಲೇ ಒಂದು ಮಾಡೀನಿ. ಮನೇಲಿಂದಲೇ ಒಳಗೆ ಬರ್ರಿ. ಇದನ್ನ ಮಾತ್ರ ಸ್ವಲ್ಪ ಜ್ವಾಕಿಯಿಂದ ನೋಡ್ಕೊಳ್ರಿ."

ಅವಳು ಜೋಪಾನವಾಗಿಯೇ ನೋಡಿಕೊಂಡಳು. ಪಾಠಗಳು ಬರುತ್ತಲೇ ಇದ್ದವು. ಇಂದು ಹೊನ್ನಾಳಿಯ ಒಂದು ಬೀದಿಗೆ ವೇಗ ಕಡಿಮೆ, ನಾಳೆ ನ್ಯಾಮತಿಯ ಹೊಸ ಮನೆಗೆ ಸಂಪರ್ಕ. ಮಳೆಗಾಲದಲ್ಲಿ ಪಾಠ ವಿಪರೀತ ಹೆಚ್ಚಾಯಿತು. ಮಳೆಗಾಲದ ಪಾಠ ಬೇರೆಯೇ ಇರಬೇಕು ಎಂದರು ಗುರುಗಳು. ಅದೂ ಸರಿ ಎನಿಸಿತು.

ಕುರಿಗಳನ್ನು ದೊಡ್ಡಿಗೆ ಕೂಡಿ ಒಳಗೆ ಬಂದ ಕಾಟಮ್ಮ ಒಂದು ಸಂಜೆ ಮಗಳ ಬೆನ್ನ ಹಿಂದೆ ನಿಂತು ಪರದೆ ನೋಡಿದಳು.

"ಇದು ಖರೇನೇ ಐತೇನವ್ವ?"

"ಇಲ್ಲವ್ವ. ಕಂಪ್ಯೂಟರ್ ಒಳಗೆ ಇನ್ನೊಂದು ಕಂಪ್ಯೂಟರ್ ಐತೆ ಅಂತ ನಂಬಿಸಿರ್ತಾರೆ. ಅದ್ರೊಳಗೆ ರೂಟರ್ ಐತೆ ಅಂತ ಇನ್ನೊಂದು ಸಲ ನಂಬಿಸಿರ್ತಾರೆ."

"ಇಷ್ಟೊಂದು ನಂಬಿಸೋ ಮನುಷ್ಯ ಹೆಂಗಿದಾನೆ?"

"ಭಾಳ ಒಳ್ಳೇರು."

ಒಳ್ಳೆಯವರು ಸರ್ಟಿಫಿಕೇಟ್ ಮಾತ್ರ ಕೊಡುತ್ತಿರಲಿಲ್ಲ. ಕೇಳಿದಾಗಲೆಲ್ಲ "ಇನ್ನೊಂದು ತಿಂಗಳು ಪಳಗ್ರಿ" ಎನ್ನುತ್ತಿದ್ದರು. ದುರ್ಗಾಂಬಿಕಾಳಿಗೆ ತಾನು ದಡ್ಡಿಯೇ ಇರಬೇಕು ಎಂಬ ಅನುಮಾನ ಬಲಿಯತೊಡಗಿತು. ಆದರೂ ಚನ್ನಗಿರಿಯ ಒಂದು ಇಂಟರ್‌ನೆಟ್ ಕಂಪನಿಗೆ ಅರ್ಜಿ ಹಾಕಿದಳು. ಕರೆ ಬಂತು.

ಸಂದರ್ಶನ ಮಾಡಿದ್ದು ಕಂಪನಿಯ ಒಡತಿ ಅನ್ನಪೂರ್ಣ. ಕೇಳಿದ್ದಕ್ಕೆಲ್ಲ ಹುಡುಗಿ ಉತ್ತರ ಹೇಳಿದಳು. ಅನ್ನಪೂರ್ಣ ಪೆನ್ನಿನ ಮುಚ್ಚಳ ಹಾಕಿ ಕೊನೆಯ ಪ್ರಶ್ನೆ ಕೇಳಿದರು.

"ಜನ ಬಳಸೋ ನೆಟ್‌ವರ್ಕ್‌ನಾಗೆ ಕೆಲಸ ಮಾಡಿದೀರಾ?"

ಮಾಡಿದ್ದೇನೆ ಎಂದಿದ್ದರೆ ಯಾರೂ ಪರೀಕ್ಷಿಸುತ್ತಿರಲಿಲ್ಲ. ದುರ್ಗಾಂಬಿಕಾಳಿಗೆ ಸುಳ್ಳು ನಾಲಿಗೆಗೆ ಬರಲಿಲ್ಲ.

"ಇಲ್ಲ ಮೇಡಂ. ಬರೀ ವರ್ಚುವಲ್ ರೂಟರ್ ಮೇಲೆ ಅಭ್ಯಾಸ ಮಾಡೀನಿ."

"ಅದೇ ನೋಡಮ್ಮ ತೊಂದ್ರೆ. ಊರಿಗೆ ಊರೇ ನೆಟ್ ಇಲ್ಲ ಅಂತ ಬೈಯ್ತಿರಬೇಕಾದ್ರೆ ಕೈ ನಡುಗದಂಗೆ ಕೆಲಸ ಮಾಡಬೇಕು. ಅದು ಅಭ್ಯಾಸದಾಗೆ ಬರಲ್ಲ."

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತ್ತು. ಹೊರಗೆ ಏನಿತ್ತೋ ಅವಳು ನೋಡಲಿಲ್ಲ. ಅನ್ನಪೂರ್ಣ ಹೇಳಿದ್ದರಲ್ಲಿ ತಪ್ಪಿರಲಿಲ್ಲ; ಅದೇ ಹೆಚ್ಚು ಚುಚ್ಚುತ್ತಿತ್ತು. ಜಗಳೂರಿನ ಬಟ್ಟೆ ಅಂಗಡಿಯೊಂದರಲ್ಲಿ ಸೋಮವಾರದಿಂದ ಕೆಲಸಕ್ಕೆ ಬಾ ಎಂದಿದ್ದರು. ಹೋಗುವುದೆಂದು ನಿರ್ಧರಿಸಿದಳು.

ಮನೆಗೆ ಬಂದು ಮುಖ ತೊಳೆದು ಲ್ಯಾಪ್‌ಟಾಪ್ ಮುಂದೆ ಕೂತಳು. ಪಕ್ಕದ ಮನೆಯ ಪಾತ್ರೆಯನ್ನು ತೊಳೆಯದೆ ಹಿಂದಿರುಗಿಸಬಾರದೆಂದು ಕಾಟಮ್ಮ ಕಲಿಸಿದ್ದಳು. ಮುಂದೆ ಇನ್ನೊಬ್ಬ ಹುಡುಗಿ ಕಲಿಯಲು ಬಂದರೆ ಅವಳಿಗೆ ಶುಚಿಯಾದ ರೂಟರ್ ಸಿಗಬೇಕು. ತಾನು ಬರೆದ ನಿಯಮಗಳನ್ನೆಲ್ಲ ದುರ್ಗಾಂಬಿಕಾ ಅಳಿಸಿದಳು. ಸೇರಿಸಿದ ಗಿರಾಕಿಗಳ ಹೆಸರುಗಳನ್ನೂ ಅಳಿಸಿದಳು. ಎತ್ತಿಟ್ಟಿದ್ದ ನಕಲುಗಳನ್ನೂ ಬಿಡಲಿಲ್ಲ. ಖಚಿತವೇ ಎಂದು ರೂಟರ್ ಕೇಳಿತು. ಹೌದು ಎಂದಳು. ಪರದೆ ಹುಟ್ಟಿದ ದಿನದಂತೆ ಖಾಲಿಯಾಯಿತು.

ಆಮೇಲೆ ಗುರುಗಳಿಗೆ ಒಂದು ಮಾತು ಹೇಳಬೇಕಲ್ಲ ಎಂದು ಫೋನ್ ಮಾಡಿದಳು. ಲೈನ್ ಸಿಗಲಿಲ್ಲ. ಬಿಡುವಿಲ್ಲದೆ ಮಾತಾಡುತ್ತಿದ್ದಂತಿತ್ತು. ಬಹಳ ಹೊತ್ತಿನ ಮೇಲೆ ಅವರೇ ಮಾಡಿದರು. ಹಿಂದೆ ಹತ್ತಾರು ಜನ ಒಟ್ಟಿಗೆ ಕೂಗಾಡುವುದು ಕೇಳಿಸುತ್ತಿತ್ತು.

"ದುರ್ಗಾಂಬಿಕಾ, ಲಗೂನ ಒಳಗೆ ಹೋಗ್ರಿ! ಎಲ್ಲಾ ಕಡೆ ನೆಟ್ ಹೋಗೈತೆ!"

"ಪಾಠ ಸಾಕು ಸಾರ್. ನಾನು ಬಟ್ಟೆ ಅಂಗಡಿ ಸೇರ್ತಿದೀನಿ. ನಿಮ್ಮ ಉಪಕಾರ ಮರೆಯಲ್ಲ. ಆ ಅಭ್ಯಾಸದ ರೂಟರ್ ಎಲ್ಲಾ ಅಳಿಸಿ, ಕ್ಲೀನ್ ಮಾಡಿ ಇಟ್ಟೀನಿ."

ವಿನಯ್ ಕುಮಾರರ ದನಿ ತೀರ ಸಣ್ಣದಾಯಿತು.

"ಅಭ್ಯಾಸದ್ದು ಅಂತ ಯಾವುದೂ ಇರಲಿಲ್ರಿ. ಇಷ್ಟು ದಿನ ಹೊನ್ನಾಳಿ, ನ್ಯಾಮತಿ ಎರಡನ್ನೂ ನಡೆಸ್ತಿದ್ದೋರು ನೀವೇ."